ಕೋಪ ಯಾರ ಮೇಲೆ, ಯಾರ ಜೊತೆ?

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಬೆಂಗಳೂರಿನ ಒಂದು ಸಣ್ಣ ಕಂಪನಿ. ಒಂದು ದಿನ ನಮ್ಮ ಕಡೆಯಿಂದ ಯಾವುದೋ ಫೈಲ್ ಕಳಿಸುವುದು ತಡವಾಯಿತು. ಇಂಗ್ಲೆಂಡಿನಲ್ಲಿದ್ದ ಕ್ಲೈಂಟ್‌ಗೆ ಕ್ಷಮೆ ಕೇಳಿ ಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಸಲ ಓದಿ, ಸ್ಪೆಲ್ಲಿಂಗ್ ನೋಡಿ, ದೇವರನ್ನು ನೆನೆದು ಕಳಿಸಿದೆ. ಕೊನೆಯ ಸಾಲು ಇನ್ನೂ ನೆನಪಿದೆ: ‘ಪ್ಲೀಸ್ ಡೋಂಟ್ ಬಿ ಆಂಗ್ರಿ ಆನ್ ಅಸ್.’

ಸಂಜೆ ಉತ್ತರ ಬಂತು. ಪಾಪ, ಒಳ್ಳೆಯ ಮನುಷ್ಯ. ‘ನಾಟ್ ಆಂಗ್ರಿ ವಿತ್ ಯು ಅಟ್ ಆಲ್’ ಅಂತ ಬರೆದಿದ್ದರು. ತಿದ್ದಿದ್ದು ಗೊತ್ತಾಗದ ಹಾಗೆ ತಿದ್ದಿದ್ದರು. ನನಗಂತೂ ಗೊತ್ತಾಗಲಿಲ್ಲ. ಪಕ್ಕದ ಸೀಟಿನ ಗೆಳತಿ ಓದಿ ನಕ್ಕಳು. ‘ಆನ್ ಅಸ್ ಅಲ್ಲ ಮಾರಾಯ್ತಿ, ವಿತ್ ಅಸ್’ ಅಂದಳು. ಅವಳು ಮಂಗಳೂರಿನವಳು, ಕಾನ್ವೆಂಟಿನಲ್ಲಿ ಓದಿದವಳು. ನಾನು ಹಾಸನದ ಹತ್ತಿರದ ಹಳ್ಳಿಯ ಕನ್ನಡ ಮೀಡಿಯಂ.

‘ವಿತ್ ಅಂದ್ರೆ ಜೊತೆ ಅಲ್ವಾ? ನಮ್ಮ ಜೊತೆ ಸೇರ್ಕೊಂಡು ಅವರು ಇನ್ಯಾರ ಮೇಲೋ ಕೋಪ ಮಾಡ್ಕೋತಾರಾ?’ ಅಂತ ಕೇಳಿದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ಹಾಗೇ ಅದು’ ಅಂದಳು.

ಇಂಗ್ಲಿಷಿನ ಪ್ರಿಪೊಸಿಷನ್‌ಗಳ ಬಗ್ಗೆ ಯಾರನ್ನೇ ಕೇಳಿ, ಕೊನೆಗೆ ಸಿಗುವ ಉತ್ತರ ಇದೊಂದೇ. ಹಾಗೇ ಅದು. ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಒಂದು ನೋಟ್‌ಬುಕ್ ಶುರು ಮಾಡಿದೆ. ಎಡಗಡೆ ಇಂಗ್ಲಿಷಿನ ಜೋಡಿ, ಅಂದರೆ ಒಂದು ಗುಣವಾಚಕ ಮತ್ತು ಅದರ ಬಾಲಕ್ಕೆ ಅಂಟಿಕೊಳ್ಳುವ ಪ್ರಿಪೊಸಿಷನ್. ಬಲಗಡೆ ಅದೇ ಮಾತನ್ನು ನಮ್ಮ ಮನೆಯಲ್ಲಿ ಹೇಗೆ ಹೇಳುತ್ತೇವೆ ಅನ್ನೋದು. 18 ವರ್ಷ ಆಯಿತು. ಈಗ ಅದು ಮೂರನೇ ನೋಟ್‌ಬುಕ್.

ಮೊದಲ ಪುಟಗಳಲ್ಲಿ ಖುಷಿಯೇ ಜಾಸ್ತಿ. ಎಷ್ಟೋ ಜೋಡಿಗಳು ಕನ್ನಡಕ್ಕೆ ನೇರವಾಗಿ ತಾಳೆಯಾಗುತ್ತವೆ. ಮನೆಗೆ ಹತ್ತಿರ, ‘ಕ್ಲೋಸ್ ಟು’. ಮನೆಯಿಂದ ದೂರ, ‘ಫಾರ್ ಫ್ರಂ’. ಚಳಿಗೆ ಒಗ್ಗಿದವರು, ‘ಯೂಸ್ಡ್ ಟು’. ಅದಕ್ಕೆ ಸಮ, ‘ಈಕ್ವಲ್ ಟು’. ಓದಿನಲ್ಲಿ ಆಸಕ್ತಿ, ‘ಇಂಟರೆಸ್ಟೆಡ್ ಇನ್’. ನಮ್ಮ ‘ಗೆ’ ಇದ್ದಲ್ಲಿ ಅವರ ‘ಟು’, ‘ಇಂದ’ ಇದ್ದಲ್ಲಿ ‘ಫ್ರಂ’, ‘ಅಲ್ಲಿ’ ಇದ್ದಲ್ಲಿ ‘ಇನ್’. ಇಷ್ಟೇನಾ ಅನ್ನಿಸಿತು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ಕಡೆಗೂ ಉಪಯೋಗಕ್ಕೆ ಬಂತು ಅಂದುಕೊಂಡೆ. (ಆ ಪಟ್ಟಿಯಲ್ಲಿ ಪಂಚಮಿಗೆ ‘ಮರದ ದೆಸೆಯಿಂದ’ ಅಂತ ಬರುತ್ತಿತ್ತು, ನೆನಪಿದೆಯಾ? ನಮ್ಮೂರಲ್ಲಿ ಮರದ ದೆಸೆಯಿಂದ ಯಾರೂ ಬಿದ್ದಿದ್ದಿಲ್ಲ. ಎಲ್ಲರೂ ಮರದಿಂದಲೇ ಬಿದ್ದವರು. ಸಂಸ್ಕೃತದ ಏಳರ ಲೆಕ್ಕ ಕನ್ನಡದಲ್ಲೂ ತುಂಬಲಿ ಅಂತ ಆ ‘ದೆಸೆ’.)

ಖುಷಿ ಮೂರನೇ ಪುಟಕ್ಕೆ ಮುಗಿಯಿತು. ನಮ್ಮಲ್ಲಿ ಗಣಿತದಲ್ಲಿ ಜಾಣ. ಅವರಿಗೆ ‘ಗುಡ್ ಅಟ್ ಮ್ಯಾತ್ಸ್’. ಅವಳ ಮೇಲೆ ಹೊಟ್ಟೆಕಿಚ್ಚು ಅನ್ನೋದು ‘ಜೆಲಸ್ ಆನ್’ ಅಲ್ಲ, ‘ಜೆಲಸ್ ಆಫ್’. ಮಗನ ಬಗ್ಗೆ ಹೆಮ್ಮೆ ಅನ್ನೋದು ‘ಪ್ರೌಡ್ ಅಬೌಟ್’ ಅಲ್ಲ, ಅದೂ ‘ಆಫ್’. ಆಫೀಸಿನಲ್ಲಿ ದಿನಾ ಕೇಳುವ ‘ಶೀ ಈಸ್ ಸೀನಿಯರ್ ದ್ಯಾನ್ ಮಿ’ ಕೂಡ ತಪ್ಪು. ‘ಸೀನಿಯರ್ ಟು ಮಿ’ ಅನ್ನಬೇಕು. ನಾವು ‘ನನಗಿಂತ ಸೀನಿಯರ್’ ಅನ್ನುವ ಜನ, ಬಾಯಿಗೆ ‘ದ್ಯಾನ್’ ಬರದೆ ಇನ್ನೇನು ಬರುತ್ತೆ? ಇದಕ್ಕೊಂದು ಕಾರಣ ಮಾತ್ರ ಸಿಕ್ಕಿತು. ‘ಸೀನಿಯರ್’ ಲ್ಯಾಟಿನ್ ಪದ. ಲ್ಯಾಟಿನ್‌ನಲ್ಲಿ ಅದರ ಅರ್ಥವೇ ‘ಹೆಚ್ಚು ವಯಸ್ಸಾದ’. ‘ಗಿಂತ’ ಅದರ ಹೊಟ್ಟೆಯೊಳಗೇ ಇದೆ. ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಕೂಡ ಅದೇ ಮನೆತನ. ನಾಲ್ಕಕ್ಕೂ ‘ಟು’.

ಮದುವೆಯದು ಇನ್ನೊಂದು ಕಥೆ. ‘ಮ್ಯಾರೀಡ್ ವಿತ್’ ಅಂತ ನಾನು ಎಷ್ಟು ಸಲ ಹೇಳಿದ್ದೇನೋ. ಯಾರ ಜೊತೆ ಮದುವೆ ಆಯ್ತು ಅಂತಲ್ಲವೇ ನಾವು ಕೇಳೋದು? ಇಂಗ್ಲಿಷಿನಲ್ಲಿ ‘ಮ್ಯಾರೀಡ್ ಟು’. ಆದರೆ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದ ದಿನವೇ ಅಮ್ಮ ಫೋನಿನಲ್ಲಿ ಯಾರದೋ ವಿಷಯ ಹೇಳುತ್ತಾ ‘ಅವಳನ್ನ ಅರಸೀಕೆರೆಗೆ ಕೊಟ್ಟಿದೆ’ ಅಂದರು. ಕಿವಿ ನೆಟ್ಟಗಾಯಿತು. ನಮ್ಮಲ್ಲೂ ‘ಗೆ’ ಇದೆ! ಹೆಣ್ಣನ್ನು ಕೊಡುವುದು, ಒಬ್ಬರಿಗೆ ಕೊಡುವುದು. ಇಂಗ್ಲಿಷಿನಲ್ಲೂ ಅಪ್ಪ ತನ್ನ ಮಗಳನ್ನು ಯಾರಿಗೋ ‘ಮ್ಯಾರಿ’ ಮಾಡಿಕೊಡುವ ಹಳೆಯ ಬಳಕೆ ಇದೆ. ಅಲ್ಲೂ ‘ಟು’. ಕೊಡುವ ಕಾಲದ ವಾಸನೆ ಆ ‘ಟು’ನಲ್ಲಿ ಉಳಿದಿರಬೇಕು ಅಂತ ನನಗನ್ನಿಸುತ್ತದೆ. ಒಂದೇ ವ್ಯತ್ಯಾಸ, ಇಂಗ್ಲಿಷಿನಲ್ಲಿ ಗಂಡನಿಗೆ ‘ಮ್ಯಾರೀಡ್ ಟು’ ಆಗಬಹುದು, ಅರಸೀಕೆರೆಗೆ ಆಗಲು ಬರುವುದಿಲ್ಲ.

ಮತ್ತೆ ಕೋಪಕ್ಕೆ ಬರುತ್ತೇನೆ. ‘ಆಂಗ್ರಿ ಆನ್’ ಬರೆದದ್ದಕ್ಕೆ ಬಹಳ ವರ್ಷ ನಾಚಿಕೆ ಪಟ್ಟಿದ್ದೆ. ಆಮೇಲೆ ಆಫೀಸಿನ ಖರ್ಚಿನಲ್ಲಿ ಸ್ವಲ್ಪ ಜರ್ಮನ್ ಕಲಿಯುವ ಅವಕಾಶ ಬಂತು. ಮೂರನೆಯ ತಿಂಗಳಲ್ಲಿ ಒಂದು ಪಾಠ. ಜರ್ಮನ್‌ನಲ್ಲಿ ಯಾರ ಮೇಲಾದರೂ ಕೋಪ ಬಂದರೆ ‘ಬೋಸ ಔಫ್’ ಅನ್ನುತ್ತಾರೆ. ‘ಔಫ್’ ಅಂದರೆ ಮೇಲೆ. ಅಂದರೆ ಇಂಗ್ಲಿಷಿನ ದಾಯಾದಿಯೇ ‘ಆಂಗ್ರಿ ಆನ್’ ಅನ್ನುತ್ತಿದೆ! ಹೆಮ್ಮೆಗೂ ಅವರದು ‘ಔಫ್’, ಮೇಲೆ. ಮದುವೆಗೆ ‘ಮಿಟ್’, ಜೊತೆ. ನಾನು ಇಂಗ್ಲಿಷಿನಲ್ಲಿ ಮಾಡಿದ ತಪ್ಪುಗಳೆಲ್ಲ ಜರ್ಮನ್‌ನಲ್ಲಿ ಸರಿಯಾಗಿದ್ದವು. ಫ್ರೆಂಚರು ಕೋಪಕ್ಕೆ ‘ವಿರುದ್ಧ’ ಅನ್ನುವ ಅರ್ಥದ ಪದ ಹಾಕುತ್ತಾರಂತೆ. ತಮಿಳರು ನಮ್ಮ ಹಾಗೇ ‘ಮೇಲ್’, ತೆಲುಗರು ‘ಮೀದ’, ಹಿಂದಿಯವರು ‘ಪರ್’. ಹಾಗಾಗಿ ಇಡೀ ದೇಶವೇ ‘ಆಂಗ್ರಿ ಆನ್’ ಅನ್ನುತ್ತದೆ. ನಮ್ಮ ಪಾಲಿಗೆ ಕೋಪ ಒಂದು ಭಾರ, ಅದು ಇನ್ನೊಬ್ಬರ ಮೇಲೆ ಬೀಳುತ್ತದೆ. ಇಂಗ್ಲಿಷರಿಗೆ ಇಬ್ಬರ ನಡುವೆ ಜಗಳ ಇದ್ದ ಹಾಗೆ. ‘ಕ್ವಾರಲ್ ವಿತ್’, ‘ಫೈಟ್ ವಿತ್’, ಹಾಗೇ ‘ಆಂಗ್ರಿ ವಿತ್’. ಜಗಳ ಆಡಲು ಇಬ್ಬರು ಬೇಕು ತಾನೆ.

ಅವರಲ್ಲಿ ‘ಆಂಗ್ರಿ ಅಟ್’ ಕೂಡ ಇದೆ. ಈ ‘ಅಟ್’ ನನಗೆ ಅರ್ಥವಾಗಿದ್ದು ಕ್ರಿಕೆಟ್ಟಿನಿಂದ. ಚೆಂಡನ್ನು ‘ಥ್ರೋ ಟು ಮಿ’ ಅಂದರೆ ನಾನು ಹಿಡಿಯಲಿ ಅಂತ ಎಸೆಯುವುದು. ‘ಥ್ರೋ ಅಟ್ ಮಿ’ ಅಂದರೆ ನನಗೆ ಹೊಡೆಯಲಿ ಅಂತ ಎಸೆಯುವುದು. ‘ಟು’ ಕೈಗೆ ಕೊಡುತ್ತದೆ, ‘ಅಟ್’ ಗುರಿ ಇಡುತ್ತದೆ. ‘ಲಾಫ್ ಅಟ್’, ‘ಶೌಟ್ ಅಟ್’, ‘ಸ್ಟೇರ್ ಅಟ್’ ಎಲ್ಲದರಲ್ಲೂ ಒಂದು ಬಾಣ ಇದೆ. ಹಾಗೆ ನೋಡಿದರೆ ‘ಗುಡ್ ಅಟ್’ ಕೂಡ ಗುರಿ ತಪ್ಪದವರ ಮಾತು. ನಾವು ‘ಅಡುಗೆಯಲ್ಲಿ ಎತ್ತಿದ ಕೈ’ ಅನ್ನುತ್ತೇವೆ. ಅಡುಗೆಯ ಒಳಗೆ ಮುಳುಗಿರುತ್ತೇವೆ, ಒಂದು ಕೈ ಮಾತ್ರ ಮೇಲೆ.

‘ಗುಡ್’ ಅನ್ನುವ ಒಂದೇ ಪದ ಬಾಲ ಬದಲಿಸಿ ಎಷ್ಟು ವೇಷ ಹಾಕುತ್ತದೆ ನೋಡಿ. ‘ಗುಡ್ ವಿತ್ ಚಿಲ್ಡ್ರನ್’ ಅಂದರೆ ಮಕ್ಕಳನ್ನು ಚೆನ್ನಾಗಿ ಸಂಭಾಳಿಸುತ್ತಾಳೆ. ‘ಗುಡ್ ಟು ಚಿಲ್ಡ್ರನ್’ ಅಂದರೆ ಮಕ್ಕಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ‘ಗುಡ್ ಫಾರ್ ಚಿಲ್ಡ್ರನ್’ ಅಂದರೆ ಹಾಲು, ರಾಗಿ ಗಂಜಿ. ಶಾಲೆಯೊಂದಕ್ಕೆ ಅರ್ಜಿ ಹಾಕುವಾಗ ನನ್ನ ಪರಿಚಯದ ಒಬ್ಬ ಮೇಡಂ ‘ಐ ಆ್ಯಮ್ ವೆರಿ ಗುಡ್ ಫಾರ್ ಚಿಲ್ಡ್ರನ್’ ಅಂತ ಬರೆದಿದ್ದರು. ಸುಳ್ಳೇನಲ್ಲ. ಅವರಿಗೆ ಕೆಲಸವೂ ಸಿಕ್ಕಿತು.

‘ಟೈರ್ಡ್’ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ‘ಟೈರ್ಡ್ ಫ್ರಂ ವರ್ಕ್’ ಅಂದರೆ ಕೆಲಸ ಮಾಡಿ ಸುಸ್ತಾಗಿದೆ. ‘ಟೈರ್ಡ್ ಆಫ್ ವರ್ಕ್’ ಅಂದರೆ ಈ ಕೆಲಸವೇ ಸಾಕಾಗಿದೆ. ಕನ್ನಡದಲ್ಲಿ ಸುಸ್ತು ಬೇರೆ, ಸಾಕು ಬೇರೆ. ಎರಡು ಪದ ಇರುವುದರಿಂದ ಅಪಾಯ ಇಲ್ಲ. ಇಂಗ್ಲಿಷಿನಲ್ಲಿ ಎರಡಕ್ಷರದ ಮೇಲೆ ಎಲ್ಲ ನಿಂತಿದೆ. ರಜೆ ಕೇಳುವ ಮೇಲ್‌ನಲ್ಲಿ ‘ಆಫ್’ ಹಾಕಿದರೆ ಮ್ಯಾನೇಜರ್ ರಾಜೀನಾಮೆ ಅಂದುಕೊಳ್ಳಬಹುದು.

ಹೀಗೆ ವರ್ಷಗಟ್ಟಲೆ ಪಟ್ಟಿ ಬೆಳೆಸಿದೆ. ಆದರೆ ಕನ್ನಡದಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಅಂತ ನಿಜವಾಗಿ ತಲೆಗೆ ಹೋಗಿದ್ದು ಹೋದ ಬೇಸಿಗೆಯಲ್ಲಿ. ಡಲ್ಲಾಸ್‌ನಲ್ಲಿರುವ ಅಕ್ಕ ತನ್ನ ಮಗನನ್ನು ಎರಡು ತಿಂಗಳಿಗೆ ಅಮ್ಮನ ಹತ್ತಿರ ಬಿಟ್ಟಿದ್ದಳು. ಎಂಟು ವರ್ಷದ ಹುಡುಗ. ಕನ್ನಡ ಬರುತ್ತದೆ. ಆದರೆ ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದ ಕನ್ನಡ. ಬಂದ ಮೊದಲ ದಿನವೇ ಅಡುಗೆಮನೆಗೆ ಬಂದು ‘ಅಜ್ಜಿ, ನಾನು ತುಂಬಾ ಹಸಿವು’ ಅಂದ.

ಅಮ್ಮ ಬಿದ್ದು ಬಿದ್ದು ನಕ್ಕರು. ‘ನೀನೇ ಹಸಿವೇನೋ ಕಂದ? ಹಸಿವು ಬೇರೆ, ನೀನು ಬೇರೆ. ನಿನಗೆ ಹಸಿವು.’

ಮಾರನೇ ದಿನ ಹಿತ್ತಲಿನಿಂದ ಓಡಿ ಬಂದ. ಪಾಠ ಕಲಿತಿದ್ದ. ‘ಗೆ’ ಎಲ್ಲಾದರೂ ಹಾಕಬೇಕು ಅಂತ ಗೊತ್ತಾಗಿತ್ತು. ‘ಅಜ್ಜಿ, ನಾಯಿಗೆ ಭಯ!’

‘ಅಯ್ಯೋ, ನೀನೇನು ಮಾಡ್ದೆ ಅದಕ್ಕೆ? ಕಲ್ಲು ಹೊಡೆದ್ಯಾ?’

ಪಾಪ ಹುಡುಗ. ಅವನು ಹೇಳಬೇಕಾಗಿದ್ದು ‘ಅಫ್ರೇಡ್ ಆಫ್ ದ ಡಾಗ್’. ಅವನ ಕನ್ನಡದಲ್ಲಿ ಹೆದರಿದ್ದು ನಾಯಿ. ಆದರೆ ತಮಾಷೆ ನೋಡಿ, ‘ನಾಯಿಗೆ ಹೆದರ್ತೀನಿ’ ಅಂದಿದ್ದರೆ ಸರಿಯಿತ್ತು. ಹೆದರು ಅನ್ನುವ ಕ್ರಿಯಾಪದಕ್ಕೆ ನಾಯಿಯ ಮೇಲೆ ‘ಗೆ’ ಬೇಕು. ಭಯ ಅನ್ನುವ ನಾಮಪದಕ್ಕೆ ನನ್ನ ಮೇಲೆ ‘ಗೆ’ ಬೇಕು. ಯಾಕೆ ಹೀಗೆ ಅಂತ ಅವನು ನನ್ನನ್ನು ಕೇಳಿದ. ನಾನು ಬಾಯಿ ತೆರೆದೆ. ಬಂದ ಉತ್ತರ ಏನು ಗೊತ್ತಾ? ‘ಹಾಗೇ ಕಣೋ ಅದು.’

ಆ ಎರಡು ತಿಂಗಳು ನೋಟ್‌ಬುಕ್ಕಿನ ಬಲಗಡೆಯ ಕಾಲಂ ಮೊದಲ ಸಲ ನೆಟ್ಟಗೆ ಓದಿದೆ. ಇಂಗ್ಲಿಷಿನಲ್ಲಿ ಭಯ, ಕೋಪ, ಹೆಮ್ಮೆ, ಬೇಸರ ಎಲ್ಲ ಮನುಷ್ಯನ ಗುಣವಾಚಕ. ‘ಐ ಆ್ಯಮ್ ಅಫ್ರೇಡ್.’ ಅಲ್ಲಿ ನಾನೇ ಭಯಗೊಂಡ ವಸ್ತು, ಭಯ ನನ್ನ ಮೈಬಣ್ಣ. ಬಣ್ಣ ಬಳಿದ ಮೇಲೆ ಅದಕ್ಕೆ ಕಾರಣ ಯಾರು ಅಂತ ಹೇಳಲು ಒಂದು ಗೂಟ ಬೇಕು. ಆ ಗೂಟವೇ ‘ಆಫ್’, ‘ವಿತ್’, ‘ಅಟ್’. ಕನ್ನಡದಲ್ಲಿ ಈ ಮಾತುಗಳಲ್ಲಿ ಗುಣವಾಚಕವೇ ಇಲ್ಲ. ಭಯ ಒಂದು ನೆಂಟ. ಅದು ನನ್ನ ಹತ್ತಿರ ಬರುತ್ತದೆ, ಸ್ವಲ್ಪ ಹೊತ್ತು ಇದ್ದು ಹೋಗುತ್ತದೆ. ನನಗೆ ಭಯ ಆಯಿತು, ಕೋಪ ಬಂತು, ನಗು ಬಂತು, ನಿದ್ದೆ ಬಂತು. ನಾನು ಸುಮ್ನೆ ‘ಗೆ’ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿರುತ್ತೇನೆ.

ಹಾಗಾದರೆ ನಾಯಿಗೆ ಏನು ಪ್ರತ್ಯಯ? ಇಲ್ಲೇ ಕನ್ನಡದ ಚಂದ ಇರುವುದು. ‘ನನಗೆ ನಾಯಿ ಕಂಡ್ರೆ ಭಯ.’ ‘ನನಗೆ ನಾಯಿ ಅಂದ್ರೆ ಭಯ.’ ಪ್ರತ್ಯಯ ಇಲ್ಲ. ಅದರ ಬದಲು ಒಂದು ಪೂರ್ತಿ ಕ್ರಿಯಾಪದ ಬಂದು ಕೂತಿದೆ. ನಾಯಿಯನ್ನು ಕಾಣಬೇಕು, ಇಲ್ಲವೇ ನಾಯಿ ಅಂತ ಅನ್ನಬೇಕು. ಅಂದರೆ ಸಾಕು, ಭಯ. ಅವಳಿಗೆ ಮಾವಿನಹಣ್ಣು ಅಂದ್ರೆ ಪ್ರಾಣ. ಇವನಿಗೆ ಗಣಿತ ಅಂದ್ರೆ ತಲೆನೋವು. ಅತ್ತೆಗೆ ಸೊಸೆ ಕಂಡ್ರೆ ಆಗಲ್ಲ. ಇಂಗ್ಲಿಷರು ‘ಫಾಂಡ್ ಆಫ್’, ‘ಕ್ರೇಜಿ ಅಬೌಟ್’, ‘ಸ್ಕೇರ್ಡ್ ಆಫ್’ ಅಂತ ಬೇರೆ ಬೇರೆ ಗೂಟ ಹುಡುಕುವ ಕಡೆಯೆಲ್ಲ ನಮಗೆ ಒಂದೇ ‘ಅಂದ್ರೆ’ ನಡೆಯುತ್ತದೆ. ಇಷ್ಟು ಒಳ್ಳೆಯ ಯಂತ್ರ ನಮ್ಮ ವ್ಯಾಕರಣದ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ‘ಮರದ ದೆಸೆಯಿಂದ’ ಮಾತ್ರ ಇತ್ತು.

ಇದನ್ನೆಲ್ಲ ಬರೆಯುತ್ತಾ ಇಂಗ್ಲಿಷ್ ಒಂದು ವಿಚಿತ್ರ ಭಾಷೆ, ನಮ್ಮದು ಸಹಜ ಅನ್ನುವ ಜಂಬ ಬರುವುದು ಸುಲಭ. ನನಗೂ ಬಂದಿತ್ತು. ಆಮೇಲೆ ಹಳೆಯ ಇಂಗ್ಲಿಷಿನ ಬಗ್ಗೆ ಓದಿದೆ. ಜಂಬ ಇಳಿಯಿತು.

ನಮ್ಮಲ್ಲಿ ಪಂಪ ಬರೆಯುತ್ತಿದ್ದ 10ನೇ ಶತಮಾನದಲ್ಲಿ ಇಂಗ್ಲಿಷಿಗೂ ವಿಭಕ್ತಿ ಇತ್ತು. ಕಲ್ಲು ಅಂದರೆ ‘ಸ್ಟಾನ್’. ಕಲ್ಲಿನ ಅಂದರೆ ‘ಸ್ಟಾನೆಸ್’. ಕಲ್ಲಿಗೆ ಏನಾದರೂ ಆಗಬೇಕಿದ್ದರೆ ‘ಸ್ಟಾನೆ’. ಕಲ್ಲುಗಳಿಗೆ ಆದರೆ ‘ಸ್ಟಾನುಮ್’. ಪ್ರತ್ಯಯ ಪದದ ಬಾಲದಲ್ಲೇ ಇರುತ್ತಿತ್ತು, ಥೇಟ್ ನಮ್ಮ ಹಾಗೆ. ಯಾವ ಗುಣವಾಚಕಕ್ಕೆ ಯಾವ ವಿಭಕ್ತಿ ಅನ್ನುವ ಕಟ್ಟುಪಾಡೂ ಇತ್ತು. ‘ಫುಲ್’ ಅಂದರೆ ಷಷ್ಠಿ (ನಮ್ಮ ‘ಅ’) ಬೇಕು. ‘ಪ್ರಿಯ’ ಅನ್ನುವ ಅರ್ಥದ ಪದಗಳಿಗೆ ಚತುರ್ಥಿ (ನಮ್ಮ ‘ಗೆ’) ಬೇಕು. ಆಮೇಲೆ ಏನಾಯಿತು? ಆ ಬಾಲಗಳ ಮೇಲೆ ಒತ್ತು ಇರಲಿಲ್ಲ. ಆಡುತ್ತಾ ಆಡುತ್ತಾ ಎಲ್ಲ ಸವೆದು ಒಂದೇ ಥರ ಕೇಳಿಸತೊಡಗಿದವು. ಸಮುದ್ರ ದಾಟಿ ಬಂದು ನೆಲೆಸಿದ ವೈಕಿಂಗರ ಮಾತಿನಲ್ಲಿ ಪದಗಳು ಹೆಚ್ಚುಕಮ್ಮಿ ಅವೇ, ಬಾಲಗಳು ಬೇರೆ. ಅವರೂ ಇವರೂ ಕಲೆತು ಮಾತಾಡುವಾಗ ಬಾಲ ಬಿಟ್ಟು ಬುಡ ಹಿಡಿದರು ಅಂತಲೂ ಹೇಳುತ್ತಾರೆ. ಕೆಲವೇ ಶತಮಾನಗಳಲ್ಲಿ ವಿಭಕ್ತಿ ಉದುರಿತು. ಬಿದ್ದ ಜಾಗ ಖಾಲಿ ಬಿಡುವ ಹಾಗಿಲ್ಲವಲ್ಲ. ಷಷ್ಠಿಯ ಜಾಗಕ್ಕೆ ‘ಆಫ್’ ಬಂತು, ಚತುರ್ಥಿಯ ಜಾಗಕ್ಕೆ ‘ಟು’ ಬಂತು. ‘ಫುಲ್ ಆಫ್’, ‘ಡಿಯರ್ ಟು’.

ಅಂದರೆ ಈ ಜೋಡಿಗಳಲ್ಲಿ ಕೆಲವು ಬಿದ್ದುಹೋದ ಹಳೆಯ ಮನೆಯ ಅಡಿಪಾಯ. ಗೋಡೆ ಇಲ್ಲ, ಆದರೆ ಕೋಣೆ ಎಲ್ಲಿತ್ತು ಅಂತ ಕಾಣುತ್ತದೆ.

ಇನ್ನೂ ಇದೆ. ಹಳೆಯ ಇಂಗ್ಲಿಷಿನಲ್ಲಿ ‘ಲೈಕ್’ ಅಂದರೆ ಇಷ್ಟಪಡುವುದು ಅಲ್ಲ, ಇಷ್ಟವಾಗುವುದು. ವಸ್ತು ಇಷ್ಟವಾಗುತ್ತಿತ್ತು, ಮನುಷ್ಯನಿಗೆ ಚತುರ್ಥಿ. ನನಗೆ ಇಷ್ಟ! ಶೇಕ್ಸ್‌ಪಿಯರ್‌ನ ಪಾತ್ರಗಳು ‘ಮಿಥಿಂಕ್ಸ್’ ಅನ್ನುತ್ತವಲ್ಲ, ಅದರಲ್ಲಿರುವ ‘ಥಿಂಕ್’ ಯೋಚಿಸು ಅಲ್ಲ. ‘ತೋರು’ ಅನ್ನುವ ಅರ್ಥದ ಇನ್ನೊಂದು ಹಳೆಯ ಪದ. ಪೂರ್ತಿ ಸೇರಿಸಿದರೆ ‘ನನಗೆ ತೋರುತ್ತದೆ’, ‘ನನಗನ್ನಿಸುತ್ತದೆ’. ಜರ್ಮನ್‌ನಲ್ಲಿ ಇವತ್ತಿಗೂ ಚಳಿಯಾದರೆ ‘ನಾನು ಚಳಿ’ ಅನ್ನುವುದಿಲ್ಲ. ‘ಮಿಯರ್ ಇಸ್ಟ್ ಕಾಲ್ಟ್’, ನನಗೆ ಚಳಿ ಅನ್ನುತ್ತಾರೆ. ನಮ್ಮ ಡಲ್ಲಾಸ್ ಹುಡುಗನ ‘ನಾನು ಹಸಿವು’ ಕೇಳಿ ಅಮ್ಮ ನಕ್ಕರಲ್ಲ, ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನ ಅಜ್ಜಿಯೂ ‘ಐ ಲೈಕ್’ ಕೇಳಿ ಹಾಗೇ ನಗುತ್ತಿದ್ದಳೇನೋ.

‘ಅಫ್ರೇಡ್’ ಪದದ ಜಾತಕ ನೋಡಿದಾಗ ‘ಆಫ್’ ಕೂಡ ಸ್ವಲ್ಪ ಬಾಯಿ ಬಿಟ್ಟಿತು. ಅದು ಮೂಲದಲ್ಲಿ ಗುಣವಾಚಕವೇ ಅಲ್ಲ. ‘ಅಫ್ರೇ’ ಅನ್ನುವ, ಫ್ರೆಂಚಿನಿಂದ ಬಂದ ಕ್ರಿಯಾಪದ. ಹೆದರಿಸು ಅಂತ ಅರ್ಥ. ‘ಅಫ್ರೇಡ್’ ಅಂದರೆ ಹೆದರಿಸಲ್ಪಟ್ಟ. ‘ಆಫ್’ಗೆ ಆ ಕಾಲದಲ್ಲಿ ‘ಇಂದ’ ಅನ್ನುವ ಅರ್ಥವೂ ಇತ್ತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸೈತಾನನಿಂದ ಶೋಧನೆಗೆ ಒಳಗಾದ ಅನ್ನುವಲ್ಲಿ ‘ಟೆಂಪ್ಟೆಡ್ ಆಫ್ ದ ಡೆವಿಲ್’ ಅಂತಲೇ ಇದೆ. ಹಾಗೆ ನೋಡಿದರೆ ‘ಅಫ್ರೇಡ್ ಆಫ್ ಡಾಗ್ಸ್’ ಅಂದರೆ ನಾಯಿಗಳಿಂದ ಹೆದರಿಸಲ್ಪಟ್ಟವನು. ಇನ್ನೊಂದು ಮಜಾ. ‘ಆಫ್’ ಅನ್ನುವ ಪ್ರಿಪೊಸಿಷನ್ನೂ, ಲೈಟ್ ಆಫ್ ಮಾಡು ಅನ್ನುವಾಗಿನ ‘ಆಫ್’ ಕೂಡ ಒಂದು ಕಾಲದಲ್ಲಿ ಒಂದೇ ಪದ. ‘ಅಲ್ಲಿಂದ ಆಚೆಗೆ’ ಅನ್ನುವ ಅರ್ಥದ್ದು. ಆಮೇಲೆ ಇಂಗ್ಲಿಷರು ಒಂದು ಎಫ್ ಸೇರಿಸಿ ಎರಡು ಮಾಡಿಕೊಂಡರು. ಕನ್ನಡ ಲಿಪಿಯಲ್ಲಿ ನಾವು ಎರಡನ್ನೂ ‘ಆಫ್’ ಅಂತಲೇ ಬರೆಯುತ್ತೇವೆ. ಪಾಲಾದ ಅಣ್ಣತಮ್ಮಂದಿರನ್ನು ಗೊತ್ತಿಲ್ಲದೆ ಒಂದು ಮಾಡಿದ್ದೇವೆ.

‘ಫಾಂಡ್ ಆಫ್’ ನನಗೆ ಇನ್ನೂ ಇಷ್ಟ. ‘ಫಾಂಡ್’ ಅಂದರೆ ಮೊದಲು ಪೆದ್ದ, ಹುಚ್ಚ ಅಂತ. ಶೇಕ್ಸ್‌ಪಿಯರ್ ಕಾಲದಲ್ಲೂ ಆ ಅರ್ಥ ಜೀವಂತವಾಗಿತ್ತು. ಯಾರದೋ ಪ್ರೀತಿಯಲ್ಲಿ ಪೆದ್ದನಾದವನು ನಿಧಾನವಾಗಿ ಬರೀ ಪ್ರೀತಿಸುವವನಾದ. ‘ಅವನಿಗೆ ಸಿನಿಮಾ ಹುಚ್ಚು’ ಅನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಗೊತ್ತಾದರೆ ಮೇಲ್ ಬರೆಯುವಾಗ ತಪ್ಪು ಬರುವುದಿಲ್ಲವಾ ಅಂತ ನೀವು ಕೇಳಬಹುದು. ಬರುತ್ತದೆ. ಕಥೆ ಗೊತ್ತಿದ್ದರೆ ನೆನಪಿರುತ್ತದೆ, ಅಷ್ಟೇ. ನನಗೆ ಉಪಯೋಗವಾಗಿದ್ದು ಒಂದೇ ಉಪಾಯ. ಜೋಡಿಯನ್ನು ಎರಡು ಪದ ಅಂತ ನೋಡದೆ ಒಂದೇ ಪದ ಅಂತ ಕಲಿಯುವುದು. ‘ಅಫ್ರೇಡ್’ ಅನ್ನುವ ಪದ ಇಲ್ಲವೇ ಇಲ್ಲ, ‘ಅಫ್ರೇಡಾಫ್’ ಅಂತ ಇದೆ. ‘ಗುಡಟ್’. ‘ಇಂಟರೆಸ್ಟೆಡಿನ್’. ಕನ್ನಡದವರಿಗೆ ಸಂಧಿ ಮಾಡುವುದು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಶ್ನೆ ಕೇಳುವಾಗ ಇಂಗ್ಲಿಷರೂ ಈ ಅಂಟು ಬಿಡಿಸುವುದಿಲ್ಲ. ‘ವಾಟ್ ಆರ್ ಯು ಅಫ್ರೇಡ್ ಆಫ್?’ ನಾಯಿಯ ಜಾಗ ಖಾಲಿ, ಆದರೂ ಬಾಲ ಅಲ್ಲೇ ಅಲ್ಲಾಡುತ್ತಿದೆ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಅಂತ ನಮ್ಮ ಮೇಷ್ಟ್ರು ಬೈಯುತ್ತಿದ್ದರು. ಅದು 1672ರಲ್ಲಿ ಡ್ರೈಡನ್ ಅನ್ನುವ ಕವಿ ತೆಗೆದ ತಕರಾರು. ಆಮೇಲೆ ಆತ ತನ್ನದೇ ಹಳೆಯ ಬರಹ ತೆಗೆದು ಅಂಥ ವಾಕ್ಯಗಳನ್ನೆಲ್ಲ ತಿದ್ದುತ್ತಾ ಕೂತನಂತೆ. ಜನ ಮಾತ್ರ ತಿದ್ದಿಕೊಳ್ಳಲಿಲ್ಲ. ನೀವೂ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಕಡೆ ಕನ್ನಡ ನಿಜವಾಗಿ ಕೈ ಹಿಡಿಯುತ್ತದೆ. ಪ್ರಿಪೊಸಿಷನ್ ಆದಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು. ‘ಇಂಟರೆಸ್ಟೆಡ್ ಇನ್ ಲರ್ನಿಂಗ್’, ‘ಗುಡ್ ಅಟ್ ಕುಕ್ಕಿಂಗ್’. ಇದು ಕಷ್ಟ ಅನ್ನಿಸಿದರೆ ಕನ್ನಡದಲ್ಲಿ ಹೇಳಿ ನೋಡಿ. ‘ಕಲಿ ಅಲ್ಲಿ ಆಸಕ್ತಿ’ ಅನ್ನುತ್ತೇವಾ? ಇಲ್ಲ. ಕಲಿಯುವುದರಲ್ಲಿ ಆಸಕ್ತಿ. ಪ್ರತ್ಯಯ ಹತ್ತಬೇಕಾದರೆ ಕ್ರಿಯಾಪದ ಮೊದಲು ‘ಉವುದು’ ತೊಟ್ಟು ನಾಮಪದ ಆಗಿ ಬರಬೇಕು. ಅವರ ‘ಇಂಗ್’ ನಮ್ಮ ‘ಉವುದು’. ‘ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಅನ್ನುವುದನ್ನು ನಾನು ಎಷ್ಟೋ ವರ್ಷ ‘ಗೆಟ್ ಅಪ್’ ಅಂತ ಬರೆದಿದ್ದೆ. ‘ಬೇಗ ಏಳುವುದಕ್ಕೆ ಒಗ್ಗಿದ್ದೇನೆ’ ಅಂತ ಒಮ್ಮೆ ಅಂದುಕೊಂಡ ಮೇಲೆ ಇನ್ನೊಮ್ಮೆ ತಪ್ಪಲಿಲ್ಲ.

ಕೆಲವು ಕಡೆ ಅವರೇ ಒಮ್ಮತಕ್ಕೆ ಬಂದಿಲ್ಲ. ‘ಡಿಫರೆಂಟ್ ಫ್ರಂ’ ಎಲ್ಲರಿಗೂ ಸರಿ. ಬ್ರಿಟಿಷರು ‘ಡಿಫರೆಂಟ್ ಟು’ ಕೂಡ ಅನ್ನುತ್ತಾರೆ, ಅಮೆರಿಕದವರು ‘ಡಿಫರೆಂಟ್ ದ್ಯಾನ್’. ‘ಅದಕ್ಕಿಂತ ಬೇರೆ’ ಅನ್ನುವ ನಾವು ಈ ಒಂದು ವಿಷಯದಲ್ಲಿ ಹುಟ್ಟಾ ಅಮೆರಿಕನ್ನರು. ‘ಬೋರ್ಡ್ ವಿತ್’ ಹಳೆಯದು, ‘ಬೋರ್ಡ್ ಆಫ್’ ಈಚೆಗೆ ಹುಡುಗರ ಬಾಯಲ್ಲಿ ಬೆಳೆದದ್ದು. ಅದನ್ನು ಕೇಳಿ ಹಲ್ಲು ಕಡಿಯುವ ಇಂಗ್ಲಿಷರು ಇದ್ದಾರೆ. ‘ಟೈರ್ಡ್ ಆಫ್’ ಇರುವಾಗ ‘ಬೋರ್ಡ್ ಆಫ್’ ಯಾಕಾಗಬಾರದು ಅಂತ ಹುಡುಗರ ವಾದ. ನನ್ನ ಓಟು ಹುಡುಗರಿಗೆ.

ಬೋರ್ ಅಂದಾಗ ನೆನಪಾಯಿತು. ನಾವು ಆ ಪದ ತಂದುಕೊಂಡ ರೀತಿ ನೋಡಿದ್ದೀರಾ? ಇಂಗ್ಲಿಷಿನಲ್ಲಿ ಅದು ‘ಐ ಆ್ಯಮ್ ಬೋರ್ಡ್ ವಿತ್ ದಿಸ್’. ನಾವು ಪದ ಮಾತ್ರ ಕಿತ್ತುಕೊಂಡೆವು. ಗೂಟ ಅಲ್ಲೇ ಬಿಟ್ಟೆವು. ‘ನನಗೆ ಬೋರ್.’ ಹಾಗೇ ‘ಅವಳಿಗೆ ಟೆನ್ಷನ್’, ‘ಅವನಿಗೆ ಬೈಕ್ ಅಂದ್ರೆ ಕ್ರೇಜ್’, ‘ನನಗೆ ಅವನ ಮೇಲೆ ಡೌಟು’. ‘ಅವಳಿಗೆ ನನ್ನ ಮೇಲೆ ಜೆಲಸ್’ ಅಂತ ಕಾಲೇಜು ಹುಡುಗಿಯರು ಬಸ್ಸಿನಲ್ಲಿ ಹೇಳುವುದು ಕೇಳಿದ್ದೇನೆ. ‘ಜೆಲಸ್’ ಪಾಪ ಇಂಗ್ಲಿಷಿನಲ್ಲಿ ಗುಣವಾಚಕ. ನಮ್ಮ ಹೊಸಿಲು ದಾಟಿದ್ದೇ ನಾಮಪದವಾಗಿ ಹೊಟ್ಟೆಕಿಚ್ಚಿನ ಮಣೆಯ ಮೇಲೆ ಕೂತುಬಿಟ್ಟಿತು. ‘ಗೆ’ ನಮ್ಮದು, ‘ಮೇಲೆ’ ನಮ್ಮದು, ‘ಅಂದ್ರೆ’ ನಮ್ಮದು. ಕನ್ನಡಕ್ಕೆ ಇಂಗ್ಲಿಷ್ ಪದ ಎಷ್ಟು ಬಂದು ಸೇರಿದರೂ ಪ್ರಿಪೊಸಿಷನ್ ಒಂದೂ ಬಂದಿಲ್ಲ. ಹೊರಗೆ ಚಪ್ಪಲಿ ಬಿಟ್ಟು ಬನ್ನಿ ಅನ್ನುವ ಹಾಗೆ.

ಹುಡುಗ ವಾಪಸ್ ಹೊರಡುವ ವಾರ ನಾನು ಊರಿಗೆ ಹೋಗಿದ್ದೆ. ಮಧ್ಯಾಹ್ನ. ಕರೆಂಟ್ ಇರಲಿಲ್ಲ, ಟಿವಿ ಇಲ್ಲ, ಅವನ ಟ್ಯಾಬ್ ಚಾರ್ಜ್ ಮುಗಿದಿತ್ತು. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ನಾಲ್ಕು ಸಲ ಓಡಾಡಿದ. ಕೊನೆಗೆ ಕಂಬಕ್ಕೆ ಒರಗಿ ನಿಂತು ‘ಅಜ್ಜೀ, ನನಗೆ ಬೋರು’ ಅಂದ.

‘ನನಗೆ’ ಅಂದ. ನಾನು ಅಮ್ಮನ ಮುಖ ನೋಡಿದೆ, ಹೊಗಳುತ್ತಾರೇನೋ ಅಂತ. ಅವರು ಗಮನಿಸಲೇ ಇಲ್ಲ. ಮೊರವನ್ನು ಅವನ ಕಡೆ ತಳ್ಳಿದರು.

‘ಬೋರಾದ್ರೆ ಬಾ, ಕಡಲೆಕಾಯಿ ಸುಲಿ.’